ಹೊಸ ಪ್ರಿನ್ಸಿಪಾಲರ ಡಿಗ್ರಿ ಹುಡುಕಿ ಹೊರಟ ಆರು ಮಕ್ಕಳು

ಊರಿನ ಶಾಲೆಗೆ ಹೊಸ ಹೆಡ್‌ಮಾಸ್ಟ್ರು ಬಂದರೆ ನಾವು ಕೇಳುವುದು ಮೂರೇ ಪ್ರಶ್ನೆ. ಯಾವೂರಿನವರು, ಯಾರ ಪೈಕಿ, ಇದಕ್ಕೆ ಮೊದಲು ಎಲ್ಲಿದ್ದರು. ಓದಿದ್ದು ಎಲ್ಲಿ ಅಂತ ಯಾರೂ ಕೇಳುವುದಿಲ್ಲ. ಮೇಲಿನವರು ನೋಡಿಯೇ ಕಳಿಸಿರುತ್ತಾರೆ ಬಿಡಿ ಎಂಬ ನಂಬಿಕೆ.

2017ರ ಮಾರ್ಚ್ ತಿಂಗಳಲ್ಲಿ ಅಮೆರಿಕದ ಒಂದು ಸಣ್ಣ ಊರಿನ ಹೈಸ್ಕೂಲು ಮಕ್ಕಳು ಆ ನಾಲ್ಕನೇ ಪ್ರಶ್ನೆ ಕೇಳಿದರು. ಊರಿನ ಹೆಸರು ಪಿಟ್ಸ್‌ಬರ್ಗ್. ಉಕ್ಕಿನ ಕಾರ್ಖಾನೆಗೆ ಹೆಸರಾದ ದೊಡ್ಡ ಪಿಟ್ಸ್‌ಬರ್ಗ್ ಅಲ್ಲ, ಆ ಹೆಸರನ್ನು ಎರವಲು ತಂದು ಇಟ್ಟುಕೊಂಡ ಊರು. ಇರುವುದು ಕಾನ್ಸಸ್ ರಾಜ್ಯದ ಆಗ್ನೇಯ ಮೂಲೆಯಲ್ಲಿ, ಪಕ್ಕದ ಮಿಸೌರಿ ರಾಜ್ಯದ ಗಡಿಗೆ ತೀರಾ ಹತ್ತಿರ. ಒಂದು ಕಾಲಕ್ಕೆ ಕಲ್ಲಿದ್ದಲು ಗಣಿಗಳಿಂದ ಬದುಕಿದ್ದ ಊರು. ಜನಸಂಖ್ಯೆ ಸುಮಾರು 20 ಸಾವಿರ. ನಮ್ಮ ಕಡೆಯ ಒಂದು ಸಣ್ಣ ತಾಲ್ಲೂಕು ಕೇಂದ್ರದ ಲೆಕ್ಕ.

ಆ ಊರಿನ ಹೈಸ್ಕೂಲಿನಲ್ಲಿ ವಿದ್ಯಾರ್ಥಿಗಳೇ ನಡೆಸುವ ಒಂದು ಪತ್ರಿಕೆ ಇದೆ. ಹೆಸರು 'ಬೂಸ್ಟರ್ ರೀಡಕ್ಸ್'. ಕಾಗದದಲ್ಲೂ ಬರುತ್ತದೆ, ಆನ್‌ಲೈನ್‌ನಲ್ಲೂ ಬರುತ್ತದೆ. ಮಾರ್ಚ್ 6ರಂದು ಶಾಲಾ ಮಂಡಳಿ ಹೊಸ ಪ್ರಿನ್ಸಿಪಾಲರನ್ನು ಆಯ್ಕೆ ಮಾಡಿತು. ಸಂಬಳ ವರ್ಷಕ್ಕೆ 93 ಸಾವಿರ ಡಾಲರ್. ಅವರು ಬಹಳ ವರ್ಷ ದುಬೈನಲ್ಲಿದ್ದು ಬರುತ್ತಿದ್ದವರು. ಪತ್ರಿಕೆಯ ಮಕ್ಕಳು ಬರೆಯಲು ಕೂತದ್ದು ಒಂದು ಸ್ವಾಗತದ ಬರಹ. ನಮ್ಮ ಹೊಸ ಪ್ರಿನ್ಸಿಪಾಲರು ಇವರು, ಇಂತಿಂಥ ಕಡೆ ಓದಿದ್ದಾರೆ, ಇಂತಿಂಥ ಕೆಲಸ ಮಾಡಿದ್ದಾರೆ, ಇಷ್ಟೇ. ಕಾಲೇಜು ಮ್ಯಾಗಝೀನಿನ ಮೊದಲ ಪುಟಗಳಲ್ಲಿ ಫೋಟೊ ಸಮೇತ ಹಾಕುತ್ತಾರಲ್ಲ, ಅಂಥದ್ದು.

ಓದಿದ್ದು ಎಲ್ಲಿ ಎಂದು ಬರೆಯಬೇಕಾದಾಗ ತೊಡಕು ಶುರುವಾಯಿತು. ಅವರ ಸ್ನಾತಕೋತ್ತರ ಪದವಿ ಮತ್ತು ಡಾಕ್ಟರೇಟ್ ಎರಡೂ 'ಕಾರ್ಲಿನ್ಸ್ ಯೂನಿವರ್ಸಿಟಿ' ಎಂಬ ಕಡೆಯಿಂದ ಬಂದವು ಎಂದಿತ್ತು. ಒಬ್ಬರು ಆ ಹೆಸರನ್ನು ಗೂಗಲ್‌ನಲ್ಲಿ ಹಾಕಿ ನೋಡಿದರು. ವೆಬ್‌ಸೈಟ್ ತೆರೆಯಲಿಲ್ಲ. ಸಿಕ್ಕಿದ್ದೆಲ್ಲ, ಇದು ದುಡ್ಡು ಕೊಟ್ಟರೆ ಡಿಗ್ರಿ ಕೊಡುವ ಅಂಗಡಿ ಎಂಬ ದೂರುಗಳು. ಅಮೆರಿಕದ ಮಾನ್ಯತೆ ಪಡೆದ ವಿಶ್ವವಿದ್ಯಾಲಯಗಳ ಸಾಲಿನಲ್ಲಿ ಆ ಹೆಸರೇ ಇಲ್ಲ.

ಅಲ್ಲಿಗೆ ಸ್ವಾಗತದ ಬರಹ ಬದಿಗೆ ಹೋಯಿತು.

ಮುಂದೆ ಆ ಆರು ಮಕ್ಕಳು ಮಾಡಿದ ಕೆಲಸವನ್ನು ನಾನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಸುದ್ದಿ ಕೆಲಸ ಕಲಿಯುವವರಿಗೆ ಇದರಲ್ಲಿ ಗುಟ್ಟು ಎಂಬುದೇನೂ ಇಲ್ಲ, ಫೋನು ಇದ್ದವರೆಲ್ಲ ಮಾಡಬಹುದಾದ್ದು. ಮೊದಲ ಪದವಿ ಟಲ್ಸಾ ವಿಶ್ವವಿದ್ಯಾಲಯದ್ದು, ಲಲಿತಕಲೆಯಲ್ಲಿ ಪದವಿ ಎಂದಿತ್ತು. ಮಕ್ಕಳು ಟಲ್ಸಾ ವಿಶ್ವವಿದ್ಯಾಲಯವನ್ನೇ ಸಂಪರ್ಕಿಸಿ ಕೇಳಿದರು. ಆ ಹೆಸರಿನ ಪದವಿಯನ್ನು ನಾವು ಕೊಡುವುದಿಲ್ಲ ಎಂದು ಉತ್ತರ ಬಂತು. ದುಬೈನ ಹಳೆಯ ಪತ್ರಿಕೆಗಳ ಸುದ್ದಿ ತೆಗೆದು ಓದಿದರು. ಅವರು ಪ್ರಿನ್ಸಿಪಾಲರಾಗಿದ್ದ ಶಾಲೆಯೊಂದನ್ನು ಅಲ್ಲಿನ ಶಿಕ್ಷಣ ಪ್ರಾಧಿಕಾರ 2013ರಲ್ಲಿ ಮುಚ್ಚಿಸಿತ್ತು ಎಂಬ ವರದಿ ಸಿಕ್ಕಿತು. ಇಷ್ಟಾದ ಮೇಲೂ ಬರೆದು ಹಾಕಲಿಲ್ಲ. ಆ ಪ್ರಿನ್ಸಿಪಾಲರಿಗೇ ಕರೆ ಮಾಡಿದರು. ಸ್ಪೀಕರ್ ಹಾಕಿ, ಸುತ್ತ ಕೂತು, ಒಂದೊಂದೇ ಪ್ರಶ್ನೆ ಕೇಳಿದರು. ಉತ್ತರಗಳಲ್ಲಿ ವರ್ಷಗಳು ಒಂದಕ್ಕೊಂದು ತಾಳೆಯಾಗಲಿಲ್ಲ, ಕೆಲವಕ್ಕೆ ಪೂರ್ತಿ ಉತ್ತರವೇ ಬರಲಿಲ್ಲ. ಅದನ್ನೂ ಹಾಗೆಯೇ ಬರೆದರು.

ಇಲ್ಲಿ ಇನ್ನೊಂದು ಸಂಗತಿ ಇದೆ. ಪತ್ರಿಕೆಗೆ ಮಾರ್ಗದರ್ಶನ ಮಾಡುವ ಶಿಕ್ಷಕಿ ಪ್ರಿನ್ಸಿಪಾಲರ ಆಯ್ಕೆಯ ಸಮಿತಿಯಲ್ಲೂ ಇದ್ದರು. ತಾವೇ ಕೂತು ಆರಿಸಿದವರ ಮೇಲಿನ ವರದಿಯನ್ನು ತಾವೇ ತಿದ್ದುವುದು ಸರಿಯಲ್ಲ ಎಂದು ಅವರು ದೂರ ಸರಿದರು. ಹೊರಗಿನ, ವಿದ್ಯಾರ್ಥಿ ಪತ್ರಿಕೆಗಳ ಸಂಘದವರೊಬ್ಬರು ಮಕ್ಕಳ ಜೊತೆ ಕೂತು ನೋಡಿಕೊಟ್ಟರು. ನಮ್ಮಲ್ಲಿ ದೊಡ್ಡ ದೊಡ್ಡ ಪತ್ರಿಕೆ ನಡೆಸುವವರಿಗೂ ಈ ಒಂದು ಹೆಜ್ಜೆ ಹಿಂದಿಡುವುದು ಹೊಳೆಯುವುದಿಲ್ಲ.

ಮಾರ್ಚ್ 31, ಶುಕ್ರವಾರ ವರದಿ ಬಂತು. ಏಪ್ರಿಲ್ 4, ಮಂಗಳವಾರ ಪ್ರಿನ್ಸಿಪಾಲರು ರಾಜೀನಾಮೆ ಕೊಟ್ಟರು. ಶಾಲೆಗೆ ಕಾಲಿಟ್ಟು ಕೆಲಸ ಶುರು ಮಾಡುವ ಮೊದಲೇ. ತಮ್ಮ ಪದವಿಗಳೆಲ್ಲ ಸರಿಯಾಗಿಯೇ ಇವೆ ಎಂದು ಅವರು ಆಗಲೂ ಹೇಳಿದರು, ಅದನ್ನೂ ಇಲ್ಲಿ ದಾಖಲಿಸಬೇಕು. ಅವರ ಹೆಸರು ನಮಗೆ ಬೇಕಾಗಿಲ್ಲ, ಮಕ್ಕಳ ಹೆಸರೂ ಬೇಡ.

ಒಂದು ವಾರ ಅಮೆರಿಕದ ದೊಡ್ಡ ಪತ್ರಿಕೆ, ಟಿವಿಗಳೆಲ್ಲ ಇದನ್ನೇ ಹೇಳಿದವು. ಜಾಣ ಮಕ್ಕಳು, ಧೈರ್ಯವಂತ ಮಕ್ಕಳು ಅಂದರು. ಹೌದು. ಆದರೆ ಇವರಿಗಿಂತ ಜಾಣ ಮಕ್ಕಳು ಇವರಿಗಿಂತ ಮೊದಲು ಇದೇ ಥರದ ಕೆಲಸಕ್ಕೆ ಕೈ ಹಾಕಿ, ಪುಟ ಕಿತ್ತುಹಾಕಿಸಿಕೊಂಡು, ಕೋರ್ಟಿಗೆ ಹೋಗಿ, ಅಲ್ಲೂ ಸೋತಿದ್ದರು. ಅದೂ ಗಡಿಯಾಚೆ, ಮಿಸೌರಿಯಲ್ಲೇ. ಆ ಕಥೆ ಗೊತ್ತಾಗದೆ ಈ ಕಥೆ ಅರ್ಧ.

ಅದಕ್ಕೂ ಸ್ವಲ್ಪ ಹಿಂದೆ ಹೋಗೋಣ. 1965ರ ಡಿಸೆಂಬರ್. ಅಯೋವಾ ರಾಜ್ಯದ ಡೆ ಮಾಯಿನ್ ಎಂಬ ಊರು. ವಿಯೆಟ್ನಾಂ ಯುದ್ಧ ನಡೆಯುತ್ತಿತ್ತು. ಸತ್ತವರಿಗಾಗಿ ದುಃಖ ತೋರಿಸಲು ಕೆಲವು ಮಕ್ಕಳು ತೋಳಿಗೆ ಕಪ್ಪು ಪಟ್ಟಿ ಕಟ್ಟಿಕೊಂಡು ಶಾಲೆಗೆ ಬಂದರು. ಅವರಲ್ಲಿ ಮೇರಿ ಬೆತ್ ಟಿಂಕರ್‌ಗೆ 13 ವರ್ಷ. ಪಟ್ಟಿ ಬಿಚ್ಚಿ ಬನ್ನಿ ಎಂದು ಮನೆಗೆ ಕಳಿಸಿದರು. ಪ್ರಕರಣ ಸುಪ್ರೀಂ ಕೋರ್ಟಿನವರೆಗೆ ಹೋಯಿತು. 1969ರ ಫೆಬ್ರವರಿಯಲ್ಲಿ 7ಕ್ಕೆ 2 ಮತಗಳಿಂದ ತೀರ್ಪು ಮಕ್ಕಳ ಪರ ಬಂತು. ಶಾಲೆಯ ಗೇಟು ದಾಟಿದ ಮಾತ್ರಕ್ಕೆ ಮಗುವಿನ ಮಾತಿನ ಹಕ್ಕು ಹೊರಗೇ ಉಳಿಯುವುದಿಲ್ಲ ಎಂಬುದು ಅದರ ಸಾರ.

ಶಾಲಾ ಪತ್ರಿಕೆಗಳಿಗೆ ಇದರಿಂದ ಉಸಿರು ಬಂತು. ಆ ಉಸಿರು ಇದ್ದದ್ದು ಹತ್ತೊಂಬತ್ತು ವರ್ಷ.

1983ರ ಮೇ ತಿಂಗಳು. ಮಿಸೌರಿಯ ಸೇಂಟ್ ಲೂಯಿಸ್ ಪಕ್ಕದ ಹೇಝಲ್‌ವುಡ್ ಈಸ್ಟ್ ಹೈಸ್ಕೂಲು. ಅಲ್ಲಿನ ಪತ್ರಿಕೆ 'ಸ್ಪೆಕ್ಟ್ರಮ್'. ಮಕ್ಕಳು ಎರಡು ಬರಹ ಸಿದ್ಧ ಮಾಡಿದ್ದರು. ಒಂದು, ಅದೇ ಶಾಲೆಯಲ್ಲಿ ಗರ್ಭಿಣಿಯರಾದ ಮೂವರು ಹುಡುಗಿಯರ ಅನುಭವ, ಹೆಸರು ಬದಲಿಸಿ. ಇನ್ನೊಂದು, ಅಪ್ಪ ಅಮ್ಮ ಬೇರೆಯಾದಾಗ ಮಕ್ಕಳಿಗೆ ಏನಾಗುತ್ತದೆ ಎಂಬುದು. ಮುದ್ರಣಕ್ಕೆ ಹೋಗುವ ಮೊದಲು ಕರಡು ಪ್ರತಿ ಪ್ರಿನ್ಸಿಪಾಲರ ಕೈಗೆ ಹೋಯಿತು. ಅವರು ಆ ಬರಹಗಳಿದ್ದ ಎರಡು ಪುಟಗಳನ್ನೇ ತೆಗೆಸಿಬಿಟ್ಟರು. ಆ ಪುಟಗಳಲ್ಲಿದ್ದ ಬೇರೆ ಬರಹಗಳೂ ಜೊತೆಗೆ ಹೋದವು. ಪತ್ರಿಕೆ ಕೈಗೆ ಬಂದಾಗಲೇ ಮಕ್ಕಳಿಗೆ ಗೊತ್ತಾದದ್ದು.

ಪ್ರಿನ್ಸಿಪಾಲರು ಕೊಟ್ಟ ಕಾರಣಗಳನ್ನು ಓದಿದಾಗ ನನಗೆ ಮೊದಲು ಸಿಟ್ಟು ಬಂತು, ಆಮೇಲೆ ಬಾಯಿ ಕಟ್ಟಿತು. ಹೆಸರು ಬದಲಿಸಿದ್ದರೂ ಶಾಲೆಯಲ್ಲಿ ಗರ್ಭಿಣಿಯರಿರುವುದೇ ಕೆಲವರು, ಯಾರು ಎಂದು ಎಲ್ಲರಿಗೂ ತಿಳಿಯುತ್ತದೆ ಎಂದಿದ್ದರು. ಇನ್ನೊಂದು ಬರಹದಲ್ಲಿ ಒಬ್ಬಳು ಹುಡುಗಿ ತನ್ನ ಅಪ್ಪನನ್ನು ದೂರಿದ್ದಳು, ಆ ಅಪ್ಪನನ್ನು ಯಾರೂ ಒಂದು ಮಾತು ಕೇಳಿರಲಿಲ್ಲ ಎಂದಿದ್ದರು. ಈ ಎರಡನೇ ಮಾತು ತಪ್ಪೇ? ತಪ್ಪಲ್ಲ. ಕೇಳಿಬನ್ನಿ, ಮುಂದಿನ ಸಂಚಿಕೆಗೆ ಹಾಕೋಣ ಅನ್ನಬಹುದಿತ್ತು. ಅನ್ನಲಿಲ್ಲ, ಪುಟ ಕಿತ್ತರು.

ಮೂವರು ವಿದ್ಯಾರ್ಥಿನಿಯರು ಕೋರ್ಟಿಗೆ ಹೋದರು. 1988ರ ಜನವರಿ 13ರಂದು ಸುಪ್ರೀಂ ಕೋರ್ಟ್ 5ಕ್ಕೆ 3 ಮತಗಳಿಂದ ಶಾಲೆಯ ಪರ ತೀರ್ಪು ಕೊಟ್ಟಿತು. ಶಾಲೆಯ ದುಡ್ಡಿನಲ್ಲಿ, ಪಾಠದ ಭಾಗವಾಗಿ ಬರುವ ಪತ್ರಿಕೆಯಲ್ಲಿ ಏನಿರಬೇಕು, ಏನಿರಬಾರದು ಎಂದು ಶಾಲೆಯೇ ಹೇಳಬಹುದು, ಅದಕ್ಕೆ ಶಿಕ್ಷಣದ ಒಂದು ಸಕಾರಣ ಇದ್ದರೆ ಸಾಕು ಎಂದಿತು. 'ಸಕಾರಣ' ಎಂಬ ಪದ ಎಷ್ಟು ಹಿಗ್ಗುತ್ತದೆ ಎಂದು ಸರ್ಕಾರಿ ಕಚೇರಿಗೆ ಅರ್ಜಿ ಹಿಡಿದು ಹೋದವರಿಗೆ ನಾನು ಹೇಳಬೇಕಾಗಿಲ್ಲ.

ಆದರೆ ಕೇಂದ್ರದ ಕೋರ್ಟು ಕೊಡದ ರಕ್ಷಣೆಯನ್ನು ರಾಜ್ಯಗಳು ಕಾನೂನು ಮಾಡಿ ಕೊಡಬಹುದಿತ್ತು. ಕ್ಯಾಲಿಫೋರ್ನಿಯಾದಲ್ಲಿ 1977ರಿಂದಲೇ ಅಂಥ ಕಾನೂನು ಇತ್ತು. ಹೇಝಲ್‌ವುಡ್ ತೀರ್ಪಿನ ಬೆನ್ನಿಗೆ ಮ್ಯಾಸಚೂಸೆಟ್ಸ್, ಅಯೋವಾ, ಕೊಲರಾಡೊ ತಂದವು. 1992ರಲ್ಲಿ ಕಾನ್ಸಸ್ ತಂದಿತು. ವಿವಾದದ ವಿಷಯ ಎಂಬ ಒಂದೇ ಕಾರಣಕ್ಕೆ ವಿದ್ಯಾರ್ಥಿ ಪತ್ರಿಕೆಯ ಬರಹವನ್ನು ತಡೆಯುವಂತಿಲ್ಲ, ಏನು ಹಾಕಬೇಕೆಂಬ ಜವಾಬ್ದಾರಿ ವಿದ್ಯಾರ್ಥಿ ಸಂಪಾದಕರದ್ದು ಎಂದು ಆ ಕಾನೂನು ಹೇಳುತ್ತದೆ. ಮಕ್ಕಳ ಪರ ನಿಂತ ಶಿಕ್ಷಕರನ್ನು ಅದೇ ಕಾರಣಕ್ಕೆ ಕೆಲಸದಿಂದ ತೆಗೆಯುವಂತಿಲ್ಲ ಎಂದೂ ಹೇಳುತ್ತದೆ.

ಆ ಆರು ಮಕ್ಕಳಲ್ಲಿ ಒಬ್ಬರೂ 1992ರಲ್ಲಿ ಹುಟ್ಟಿರಲಿಲ್ಲ. ಅವರು ಹುಟ್ಟುವ ಮೊದಲೇ ಯಾರೋ ಓಡಾಡಿ, ಶಾಸಕರ ಬಾಗಿಲು ತಟ್ಟಿ ಮಾಡಿಸಿಟ್ಟ ಕಾನೂನು 2017ರಲ್ಲಿ ಕೈ ಹಿಡಿಯಿತು. ಅವರ ಶಾಲೆ ಗಡಿಯ ಆಚೆ ಬದಿಗೆ, ಮಿಸೌರಿಯಲ್ಲಿ ಇದ್ದಿದ್ದರೆ ಅದೇ ವರದಿಯನ್ನು ಶಾಲೆ ತಡೆಯಬಹುದಿತ್ತು, ಕೇಳುವವರು ಇರುತ್ತಿರಲಿಲ್ಲ.

ಈಗ ನಮ್ಮ ಕಡೆಗೆ ಬರುತ್ತೇನೆ.

ಕರ್ನಾಟಕದಲ್ಲಿ ಕಾಲೇಜಿನಲ್ಲಿ ಪತ್ರಿಕೋದ್ಯಮ ಕಲಿಸುವುದು ಶುರುವಾದದ್ದು 1951ರಲ್ಲಿ, ಮೈಸೂರಿನ ಮಹಾರಾಜ ಕಾಲೇಜಿನಲ್ಲಿ, ನಾಡಿಗ ಕೃಷ್ಣಮೂರ್ತಿಯವರ ಕಾಲದಲ್ಲಿ. ಇವತ್ತು ಜಿಲ್ಲೆ ಜಿಲ್ಲೆಯ ಪದವಿ ಕಾಲೇಜುಗಳಲ್ಲೂ ಈ ವಿಷಯ ಇದೆ. ಓದಿದವರಿಗೆಲ್ಲ 'ಪ್ರಾಯೋಗಿಕ ಪತ್ರಿಕೆ' ಗೊತ್ತು. ನಾಲ್ಕು ಪುಟ, ತಿಂಗಳಿಗೊಂದು, ವಿದ್ಯಾರ್ಥಿಗಳೇ ಬರೆದು, ಪುಟ ಕಟ್ಟಿ, ಅಚ್ಚು ಹಾಕಿಸುವುದು. ನಮ್ಮ ಬ್ಯಾಚಿನದ್ದೂ ಹಾಗೆಯೇ ಇತ್ತು.

ಅದರ ಮೂರನೇ ಸಂಚಿಕೆಗೆ ನಾವಿಬ್ಬರು ಹಾಸ್ಟೆಲ್ ನೀರಿನ ಬಗ್ಗೆ ಬರೆದೆವು. ಹನ್ನೊಂದು ದಿನದಿಂದ ನೀರಿರಲಿಲ್ಲ. ಹುಡುಗರು ಬೆಳಿಗ್ಗೆ ಐದಕ್ಕೆ ಎದ್ದು ಪಕ್ಕದ ತೋಟದ ಬೋರ್‌ವೆಲ್‌ಗೆ ಬಕೆಟ್ ಹಿಡಿದು ಹೋಗುತ್ತಿದ್ದರು. ಫೋಟೊ ಇತ್ತು, ದಿನಾಂಕ ಇತ್ತು. ಪುಟ ಕಟ್ಟಿಯೂ ಆಗಿತ್ತು. ಪತ್ರಿಕೆ ಬಂದಾಗ ಆ ಜಾಗದಲ್ಲಿ ಸ್ವಚ್ಛತಾ ದಿನದ ಗ್ರೂಪ್ ಫೋಟೊ ಇತ್ತು. ಕೇಳಲು ಹೋದರೆ, 'ಮೊದಲು ಪಾಸಾಗಿ, ಆಮೇಲೆ ಲೋಕ ತಿದ್ದುವಿರಂತೆ' ಎಂಬ ಉತ್ತರ. ಹೇಝಲ್‌ವುಡ್ ಎಂಬ ಹೆಸರೇ ಆಗ ನಾವು ಕೇಳಿರಲಿಲ್ಲ.

ಅವತ್ತು ರಾತ್ರಿಯೇ ಫೋನಿನಲ್ಲಿ ಟೈಪ್ ಮಾಡಿ ಫೇಸ್‌ಬುಕ್‌ಗೆ ಹಾಕಿದೆವು. ಸಿಟ್ಟಿತ್ತಲ್ಲ, ಕಾಗದದಲ್ಲಿ ಇರದಿದ್ದ ಒಂದು ಸಾಲು ಸೇರಿಸಿದೆವು. ಟ್ಯಾಂಕರ್ ದುಡ್ಡಿನಲ್ಲಿ ವಾರ್ಡನ್‌ಗೂ ಪಾಲಿದೆ ಎಂದು ಹುಡುಗರು ಹೇಳುತ್ತಾರೆ, ಅಂತ. ಹುಡುಗರು ಹೇಳುತ್ತಿದ್ದುದು ನಿಜ. ಊಟದ ಸಾಲಿನಲ್ಲಿ ನಿಂತಾಗ ಹುಡುಗರು ಏನು ಬೇಕಾದರೂ ಹೇಳುತ್ತಾರೆ.

ಬೆಳಗಾಗುವಷ್ಟರಲ್ಲಿ ಅದು ವಾಟ್ಸ್ಯಾಪ್‌ನಲ್ಲಿ ಮೂರು ತಾಲ್ಲೂಕು ಸುತ್ತಿತ್ತು. ಇಂಥ ಖುಷಿ ಮೊದಲ ಸಲ. ನಾವು ಪತ್ರಕರ್ತರಾಗಿಬಿಟ್ಟೆವು ಎಂದುಕೊಂಡೆವು.

ಮಧ್ಯಾಹ್ನ ವಾರ್ಡನ್ ಕರೆಸಿದರು. ಬೈಯಲಿಲ್ಲ. ಒಂದು ನೋಟ್‌ಬುಕ್ ಮುಂದಿಟ್ಟರು. ಮೋಟಾರ್ ಸುಟ್ಟ ದಿನವೇ ಮೇಲಿನ ಕಚೇರಿಗೆ ಬರೆದ ಪತ್ರದ ನಕಲು ಇತ್ತು. ಅದಾದ ಮೇಲೆ ಬರೆದ ಇನ್ನೆರಡು ಪತ್ರ ಇದ್ದವು. ನಾಲ್ಕು ಟ್ಯಾಂಕರ್ ನೀರಿಗೆ ತಮ್ಮ ಕೈಯಿಂದ ಕೊಟ್ಟ ದುಡ್ಡಿನ ಚೀಟಿ ಇದ್ದವು. 'ಏನ್ರಪ್ಪಾ, ಬರೆಯೋಕ್ ಮುಂಚೆ ನನ್ನ ಒಂದ್ ಮಾತು ಕೇಳ್ಬಾರ್ದಿತ್ತಾ? ನನ್ ರೂಮು ನಿಮ್ ರೂಮಿಂದ ಮೂವತ್ ಹೆಜ್ಜೆ' ಅಂದರು. ಅವರ ಮಗಳು ಅದೇ ಊರಿನಲ್ಲಿ ಪಿಯುಸಿ ಓದುತ್ತಿದ್ದಳು. ಅವಳ ಕ್ಲಾಸಿನವರ ಫೋನಿಗೂ ನಮ್ಮ ಬರಹ ಹೋಗಿತ್ತು.

ಪೋಸ್ಟ್ ಅಳಿಸಿದೆವು. ತಪ್ಪಾಯಿತು ಎಂದು ಬೇರೆ ಪೋಸ್ಟ್ ಹಾಕಿದೆವು. ಮೊದಲನೆಯದು ಫಾರ್ವರ್ಡ್ ಆಗುತ್ತಲೇ ಇತ್ತು, ಎರಡನೆಯದನ್ನು ಒಬ್ಬರೂ ಫಾರ್ವರ್ಡ್ ಮಾಡಲಿಲ್ಲ. ವಾರದ ಮೇಲೆ ಮೋಟಾರ್ ಬಂತು. ನೀರು ಬಂದದ್ದು ನಮ್ಮ ಬರಹದಿಂದಲೋ ಅವರ ಮೂರನೇ ಪತ್ರದಿಂದಲೋ, ಗೊತ್ತಿಲ್ಲ.

ಪಿಟ್ಸ್‌ಬರ್ಗಿನ ಮಕ್ಕಳು ಆ ಸ್ಪೀಕರ್ ಫೋನಿನ ಸುತ್ತ ಕೂತದ್ದನ್ನು ಓದಿದಾಗಲೆಲ್ಲ ನನಗೆ ಆ ಮೂವತ್ತು ಹೆಜ್ಜೆ ನೆನಪಾಗುತ್ತದೆ.

ಕಾಗದದಿಂದ ಆನ್‌ಲೈನ್‌ಗೆ ವಿದ್ಯಾರ್ಥಿಗಳು ಬಂದ ದಾರಿಯನ್ನೂ ಸ್ವಲ್ಪ ಹೇಳಬೇಕು. ಯುರೋಪಿನ ಸೆರ್ನ್ ಸಂಸ್ಥೆ ವೆಬ್ ತಂತ್ರಜ್ಞಾನವನ್ನು ಯಾರು ಬೇಕಾದರೂ ಪುಕ್ಕಟೆ ಬಳಸಿ ಎಂದು ಬಿಟ್ಟುಕೊಟ್ಟದ್ದು 1993ರ ಏಪ್ರಿಲ್ 30ರಂದು. ಅದೇ ವರ್ಷ ಅಮೆರಿಕದ ಎಂಐಟಿ ವಿದ್ಯಾರ್ಥಿಗಳ ಪತ್ರಿಕೆ 'ದ ಟೆಕ್' ವೆಬ್‌ಗೆ ಬಂತು. 1881ರಿಂದ ನಡೆದುಬಂದ ಪತ್ರಿಕೆ ಅದು. ವೆಬ್‌ಗೆ ಬಂದ ಮೊದಲ ಪತ್ರಿಕೆ ನಾವೇ ಎಂದು ಅದು ಹೇಳಿಕೊಳ್ಳುತ್ತದೆ. ಕೋಟ್ಯಂತರ ಡಾಲರಿನ ದೊಡ್ಡ ಪತ್ರಿಕೆಗಳು ಇನ್ನೂ ಯೋಚಿಸುತ್ತಿದ್ದಾಗ ಹುಡುಗರು ಮಾಡಿ ಮುಗಿಸಿದ್ದರು. ಅವರಿಗೆ ಕಳೆದುಕೊಳ್ಳಲು ಜಾಹೀರಾತು ಇರಲಿಲ್ಲ, ಕಂಪ್ಯೂಟರ್ ಕೊಠಡಿಯ ಬೀಗ ಕೈಯಲ್ಲಿತ್ತು.

ಕನ್ನಡದ ಹುಡುಗರಿಗೆ ಬೀಗ ಬೇರೆ ಕಡೆ ಇತ್ತು. ಅಕ್ಷರದಲ್ಲಿ. ಯು. ಬಿ. ಪವನಜ ಅವರು 1996ರಲ್ಲೇ 'ವಿಶ್ವಕನ್ನಡ' ಎಂಬ ಅಂತರಜಾಲ ಪತ್ರಿಕೆ ತಂದಿದ್ದರು. 1998ರಲ್ಲಿ ಶೇಷಾದ್ರಿವಾಸು ಅವರ 'ಬರಹ' ಬಂತು, ಆಮೇಲೆ ಕನ್ನಡ ಗಣಕ ಪರಿಷತ್ತಿನ 'ನುಡಿ'. ಟೈಪ್ ಮಾಡುವುದು ಸುಲಭವಾಯಿತು. ಆದರೆ ಆಗಿನ ಹಳೆಯ ಫಾಂಟುಗಳಲ್ಲಿ ಟೈಪ್ ಮಾಡಿದ್ದನ್ನು ಅದೇ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಇಂಗ್ಲಿಷ್ ಅಕ್ಷರಗಳ ಕಸ ಕಾಣುತ್ತಿತ್ತು. ಸೈಬರ್ ಕೆಫೆಯಲ್ಲಿ ಗಂಟೆಗೆ ದುಡ್ಡು ಕೊಟ್ಟು ಕೂತವನು ಮೊದಲು ಫಾಂಟ್ ಇಳಿಸಿಕೊಳ್ಳಬೇಕು, ಆಮೇಲೆ ಬರೆಯಬೇಕು. ಯೂನಿಕೋಡ್ ಬಳಕೆಗೆ ಬಂದ ಮೇಲೆ ಈ ಕಾಟ ಕಡಿಮೆಯಾಯಿತು. 2005ರಲ್ಲಿ ಶುರುವಾದ 'ಸಂಪದ'ದಂಥ ತಾಣಗಳಲ್ಲಿ, ಬ್ಲಾಗುಗಳಲ್ಲಿ ಎಷ್ಟೋ ಹೊಸಬರು ಬರೆಯಲು ಕಲಿತರು. ಆದರೂ ಅದು ಬಹುಪಾಲು ಊರು ಬಿಟ್ಟು ಬೆಂಗಳೂರು, ಅಮೆರಿಕ ಸೇರಿದವರ ಲೋಕವೇ ಆಗಿತ್ತು. ನಮ್ಮ ಹಳ್ಳಿಗಳಲ್ಲಿ ಅಗ್ಗದ ಫೋನುಗಳಲ್ಲಿ ಕನ್ನಡ ಇನ್ನೂ ಚೌಕ ಚೌಕ ಡಬ್ಬಿಗಳಾಗಿ ಕಾಣುತ್ತಿತ್ತು. 2016ರ ಸೆಪ್ಟೆಂಬರ್‌ನಲ್ಲಿ ಜಿಯೊ ಬಂದು ಡೇಟಾ ಅಗ್ಗವಾಯಿತು ನೋಡಿ, ಆಗ ಹೊಲದ ಬದುವಿನ ಮೇಲೆ ಕೂತು ಬರೆಯುವುದು, ಓದುವುದು ಎರಡೂ ಸಾಧ್ಯವಾಯಿತು. ಪಿಟ್ಸ್‌ಬರ್ಗಿನ ಮಕ್ಕಳು ಪ್ರಿನ್ಸಿಪಾಲರ ಡಿಗ್ರಿ ಹುಡುಕಿದ್ದು ಅದಾಗಿ ಆರೇ ತಿಂಗಳಿಗೆ. ಅವರ ಕೈಯಲ್ಲಿದ್ದ ಗೂಗಲ್ ಆಗಲೇ ನಮ್ಮ ಕೈಗೂ ಬಂದಿತ್ತು.

ಇನ್ನೊಂದು ಪ್ರಸಂಗ ಈಚಿನದು. ಕ್ಯಾಲಿಫೋರ್ನಿಯಾದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯ. ಅಲ್ಲಿನ ವಿದ್ಯಾರ್ಥಿ ಪತ್ರಿಕೆ 'ಸ್ಟ್ಯಾನ್‌ಫರ್ಡ್ ಡೈಲಿ' 1973ರಿಂದ ವಿಶ್ವವಿದ್ಯಾಲಯದ ಹಂಗಿಲ್ಲದೆ ಬೇರೆಯಾಗಿ ನಡೆಯುತ್ತಿದೆ. 2022ರ ನವೆಂಬರ್‌ನಲ್ಲಿ ಥಿಯೊ ಬೇಕರ್ ಎಂಬ ಮೊದಲ ವರ್ಷದ ಹುಡುಗ ಅದರಲ್ಲಿ ಒಂದು ವರದಿ ಬರೆದ. ವಿಶ್ವವಿದ್ಯಾಲಯದ ಅಧ್ಯಕ್ಷರು ಹೆಸರಾಂತ ನರವಿಜ್ಞಾನಿ. ಅವರ ಹೆಸರಿದ್ದ ಕೆಲವು ಸಂಶೋಧನಾ ಪ್ರಬಂಧಗಳ ಚಿತ್ರಗಳನ್ನು ತಿದ್ದಿರುವಂತೆ ಕಾಣುತ್ತದೆ ಎಂದು ವಿಜ್ಞಾನಿಗಳು ವರ್ಷಗಳ ಹಿಂದೆಯೇ ಒಂದು ವೆಬ್‌ಸೈಟಿನಲ್ಲಿ ಬರೆದಿಟ್ಟಿದ್ದರು. ಎಲ್ಲರಿಗೂ ಕಾಣುವಂತೆ ಬಿದ್ದಿತ್ತು. ಆ ಹುಡುಗ ಅದನ್ನು ಎತ್ತಿಕೊಂಡು ತಜ್ಞರಿಗೆ ತೋರಿಸಿದ, ಒಂದಾದ ಮೇಲೊಂದು ವರದಿ ಬರೆದ. ತನಿಖಾ ಸಮಿತಿ ಕೂತಿತು. ಅಧ್ಯಕ್ಷರು ತಾವೇ ತಿದ್ದಿಲ್ಲ, ಆದರೆ ತಪ್ಪು ಗೊತ್ತಾದ ಮೇಲೂ ಸರಿಪಡಿಸುವುದರಲ್ಲಿ ಸಾಲದಾದರು ಎಂದಿತು. 2023ರ ಜುಲೈನಲ್ಲಿ ಅವರು ಸ್ಥಾನ ಬಿಡುವುದಾಗಿ ಪ್ರಕಟಿಸಿದರು. ಆ ಹುಡುಗನಿಗೆ ಪೋಲ್ಕ್ ಪ್ರಶಸ್ತಿ ಬಂತು, ಅಷ್ಟು ಚಿಕ್ಕ ವಯಸ್ಸಿಗೆ ಅದನ್ನು ಪಡೆದವನು ಅವನೇ ಮೊದಲು.

ದೊಡ್ಡ ಕೆಲಸ. ಆದರೆ ನಾನು ನನ್ನ ತಮ್ಮ ತಂಗಿಯರಿಗೆ ಇದನ್ನಲ್ಲ, ಪಿಟ್ಸ್‌ಬರ್ಗಿನ ಕಥೆಯನ್ನೇ ಹೇಳುತ್ತೇನೆ. ಥಿಯೊ ಬೇಕರ್‌ನ ಅಪ್ಪ ನ್ಯೂಯಾರ್ಕ್ ಟೈಮ್ಸ್‌ನಲ್ಲಿ ದೊಡ್ಡ ವರದಿಗಾರ, ಅಮ್ಮ ನ್ಯೂಯಾರ್ಕರ್ ಪತ್ರಿಕೆಯಲ್ಲಿ. ಹುಡುಗನ ಕಷ್ಟವನ್ನು ಕಡಿಮೆ ಮಾಡಿ ಹೇಳುತ್ತಿಲ್ಲ. ಮನೆಯ ಊಟದ ಹೊತ್ತಿಗೇ ಕಸುಬು ಕಲಿಯುವುದು ಬೇರೆ, ಮನೆಯಲ್ಲಿ ಪತ್ರಿಕೆ ಅಂದರೆ ಮಂಡಕ್ಕಿ ಕಟ್ಟುವ ಕಾಗದ ಎಂದು ಬೆಳೆದು ಬಂದು ಕಲಿಯುವುದು ಬೇರೆ. ಪಿಟ್ಸ್‌ಬರ್ಗಿನ ಆ ಆರು ಮಕ್ಕಳಿಗೆ ಇದ್ದದ್ದು ಒಂದು ಶಾಲೆ, ಒಂದು ಕಾನೂನು, ದೂರ ಸರಿದು ನಿಲ್ಲಬಲ್ಲ ಒಬ್ಬ ಶಿಕ್ಷಕಿ.

ಆ ಕಾನೂನು ನಮ್ಮಲ್ಲಿ ಇಲ್ಲ. ಕಾಲೇಜಿನ ಪತ್ರಿಕೆಯ ಪುಟ ಕಿತ್ತರೆ ಇಂಥ ಸೆಕ್ಷನ್ ಪ್ರಕಾರ ತಪ್ಪು ಎಂದು ತೋರಿಸಲು ನಮ್ಮ ವಿದ್ಯಾರ್ಥಿಯ ಬಳಿ ಕಾನ್ಸಸ್‌ನಂಥ ಕಾಗದವಿಲ್ಲ. ಸಂವಿಧಾನದ 19ನೇ ವಿಧಿ ಇದೆ, ಅದು ಪತ್ರಕರ್ತರಿಗೆ ಅಂತ ಬೇರೆ ಅಲ್ಲ, ಎಲ್ಲ ನಾಗರಿಕರಿಗೂ. ಆನ್‌ಲೈನ್ ಬರಹಕ್ಕೆ ಅದು ಎಷ್ಟು ಗಟ್ಟಿ ಎಂದು ಪರೀಕ್ಷೆಗೆ ಒಳಗಾದದ್ದೂ ವಿದ್ಯಾರ್ಥಿ ವಯಸ್ಸಿನವರಿಂದಲೇ. 2012ರ ನವೆಂಬರ್‌ನಲ್ಲಿ ಬಾಳ ಠಾಕ್ರೆ ತೀರಿಕೊಂಡಾಗ ಮುಂಬೈ ಬಂದ್ ಆದದ್ದರ ಬಗ್ಗೆ ಮಹಾರಾಷ್ಟ್ರದ ಪಾಲ್ಘರ್‌ನ ಒಬ್ಬ ಹುಡುಗಿ ಫೇಸ್‌ಬುಕ್‌ನಲ್ಲಿ ಬರೆದಳು. ಅವಳ ಗೆಳತಿ ಅದಕ್ಕೆ ಲೈಕ್ ಒತ್ತಿದಳು. ಇಬ್ಬರನ್ನೂ ಪೊಲೀಸರು ಬಂಧಿಸಿದರು. ಆಗ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಎ ಎಂಬ ಕಲಂ ಇತ್ತು, ಕಿರಿಕಿರಿಯಾಗುವಂಥದ್ದು ಬರೆದರೂ ಮೂರು ವರ್ಷದವರೆಗೆ ಜೈಲು. ಅದನ್ನು ಪ್ರಶ್ನಿಸಿ 21 ವರ್ಷದ ಶ್ರೇಯಾ ಸಿಂಘಾಲ್ ಸುಪ್ರೀಂ ಕೋರ್ಟಿಗೆ ಹೋದರು. 2015ರ ಮಾರ್ಚ್ 24ರಂದು ಕೋರ್ಟ್ ಆ ಕಲಮನ್ನೇ ರದ್ದು ಮಾಡಿತು.

ಹಾಗಂತ ಬರೆದದ್ದೆಲ್ಲ ನಡೆಯುತ್ತದೆ ಎಂದಲ್ಲ. ಮಾನನಷ್ಟದ ಕಲಂ ಇದ್ದೇ ಇದೆ, ಹಿಂದೆ ಐಪಿಸಿಯ 499, 2024ರ ಜುಲೈನಿಂದ ಭಾರತೀಯ ನ್ಯಾಯ ಸಂಹಿತೆಯ 356. ನಮ್ಮ ವಾರ್ಡನ್ ಬಯಸಿದ್ದರೆ ಆವತ್ತು ಠಾಣೆಗೆ, ಕೋರ್ಟಿಗೆ ಎಲ್ಲಿಗೆ ಬೇಕಾದರೂ ಹೋಗಬಹುದಿತ್ತು. ನೋಟ್‌ಬುಕ್ ತೋರಿಸಿ ಕಳಿಸಿದರು.

ಹುಡುಕುವುದಕ್ಕೆ ಮಾತ್ರ ನಮಗೂ ಕಡಿಮೆಯಿಲ್ಲ. ನಕಲಿ ವಿಶ್ವವಿದ್ಯಾಲಯಗಳ ಪಟ್ಟಿಯನ್ನು ಯುಜಿಸಿ ತನ್ನ ವೆಬ್‌ಸೈಟಿನಲ್ಲೇ ಹಾಕುತ್ತದೆ, ಅದರಲ್ಲಿ ವರ್ಷಗಟ್ಟಲೆ ನಮ್ಮ ಬೆಳಗಾವಿ ಜಿಲ್ಲೆಯ ಗೋಕಾಕದ ವಿಳಾಸವೊಂದು ಇತ್ತು. ಚುನಾವಣೆಗೆ ನಿಂತವರು ತಮ್ಮ ಓದು, ಆಸ್ತಿ, ಕೇಸುಗಳ ಬಗ್ಗೆ ಕೊಟ್ಟ ಪ್ರಮಾಣಪತ್ರ ಚುನಾವಣಾ ಆಯೋಗದ ತಾಣದಲ್ಲಿ ಸಿಗುತ್ತದೆ. ಉದ್ಯೋಗ ಖಾತ್ರಿಯಲ್ಲಿ ನಿಮ್ಮ ಪಂಚಾಯಿತಿಯ ಯಾವ ಕೆಲಸಕ್ಕೆ ಯಾರ ಹೆಸರಿನಲ್ಲಿ ಎಷ್ಟು ದಿನದ ಕೂಲಿ ಹೋಗಿದೆ ಎಂಬುದೂ ಆನ್‌ಲೈನ್‌ನಲ್ಲಿ ಬಂದಿದೆ. ಊರಿನವರಿಗಿಂತ ಚೆನ್ನಾಗಿ ಅದನ್ನು ಓದುವವರು ಯಾರೂ ಇಲ್ಲ. ಬೆಂಗಳೂರಿನ ವರದಿಗಾರನಿಗೆ ಅದು ಬರೀ ಹೆಸರುಗಳ ಪಟ್ಟಿ. ನಿಮಗೆ ಅದರಲ್ಲಿ ಯಾರು ಊರು ಬಿಟ್ಟು ಹತ್ತು ವರ್ಷವಾಯಿತು, ಯಾರು ತೀರಿಕೊಂಡಿದ್ದಾರೆ ಎಂದು ಕಣ್ಣಿಗೆ ರಾಚುತ್ತದೆ. ಉಳಿದದ್ದನ್ನು ಕೇಳಲು 2005ರ ಮಾಹಿತಿ ಹಕ್ಕು ಕಾಯ್ದೆ ಇದೆ, ಅರ್ಜಿಗೆ 10 ರೂಪಾಯಿ, ಬಿಪಿಎಲ್ ಕಾರ್ಡ್ ಇದ್ದರೆ ಅದೂ ಇಲ್ಲ.

ಪದವಿ ಓದುತ್ತಿರುವ ಹುಡುಗ ಹುಡುಗಿಯರು ಈಗ ನಮಗೆ ವರದಿ ಕಳಿಸುತ್ತಾರೆ. ಕೆಲವು ತುಂಬ ಚೆನ್ನಾಗಿರುತ್ತವೆ. ಹೋದ ಮಳೆಗಾಲದಲ್ಲಿ ಎರಡನೇ ವರ್ಷದ ಹುಡುಗಿಯೊಬ್ಬಳು ತನ್ನ ಊರಿನ ಅಂಗನವಾಡಿಯ ಸೋರುವ ಚಾವಣಿಯ ಬಗ್ಗೆ ಬರೆದು ಕಳಿಸಿದ್ದಳು. ಬರಹದ ಕೆಳಗೆ ಯಾರೂ ಕೇಳದೆಯೇ ಒಂದು ಸಾಲು ಸೇರಿಸಿದ್ದಳು. ಮೇಲ್ವಿಚಾರಕಿಗೆ ಮಂಗಳವಾರ 11 ಗಂಟೆಗೆ, ಮತ್ತೆ 4 ಗಂಟೆಗೆ ಫೋನ್ ಮಾಡಿದೆ, ಎತ್ತಲಿಲ್ಲ. ಬುಧವಾರ ಬಸ್ಸು ಹತ್ತಿ ಹೋಗಿ ಭೇಟಿಯಾದೆ, ಅವರು ಹೇಳಿದ್ದು ಐದನೇ ಪ್ಯಾರಾದಲ್ಲಿದೆ, ಎಂದು. ಅದನ್ನು ಮೊಟ್ಟಮೊದಲು ಓದಿದವನು ನಾನು. ಒಂದು ಅಕ್ಷರವನ್ನೂ ತಿದ್ದದೆ ಹಾಕಿದೆವು.